ರೇಡಿಯೋ ಕೇಳಿದರು, ವೋಟು ಹಾಕಲಿಲ್ಲ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.)

ನಮಸ್ಕಾರ. ಇರೋದು ಮೂವತ್ತು ಜನ, ಮೈಕು ಬೇಡ ಅಂದೆ. ಹಿಂದಿನ ಸಾಲಿಗೆ ಕೇಳಿಸುತ್ತಿದೆ ಅಲ್ವಾ? ಸರಿ.

ಒಂದು ನೋಟ್‌ಬುಕ್ಕಿನಿಂದ ಶುರು ಮಾಡುತ್ತೇನೆ. ನಮ್ಮ ರಸ್ತೆಯ ಒಂದು ಮನೆಯಲ್ಲಿ ಪ್ರತಿ ವರ್ಷ ರಾಮನವಮಿಗೆ ಭಜನೆ ಇಟ್ಟುಕೊಳ್ಳುತ್ತಾರೆ. ಪಾನಕ, ಕೋಸಂಬರಿ, ಆಮೇಲೆ ಯಾರಿಗೆ ಬರುತ್ತೋ ಅವರು ಹಾಡೋದು. ಕೆಲವು ವರ್ಷಗಳ ಹಿಂದೆ ಆ ಮನೆಯ ಮಗಳ ಜೊತೆ ಅವಳ ಆಫೀಸಿನ ಗೆಳತಿಯೊಬ್ಬರು ಬಂದಿದ್ದರು. ದಕ್ಷಿಣ ಆಫ್ರಿಕಾದ ಡರ್ಬನ್ ಊರಿನವರು. ಕೆಲಸದ ಮೇಲೆ ಆರು ತಿಂಗಳು ಬೆಂಗಳೂರಿನಲ್ಲಿದ್ದರು. "ನೀವೂ ಒಂದು ಹಾಡಿ" ಅಂತ ಯಾರೋ ಅಂದರು. ಆಕೆ ಬ್ಯಾಗಿನಿಂದ ಒಂದು ಹಳೇ ನೋಟ್‌ಬುಕ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅದನ್ನು ನೋಡಲಿಲ್ಲ. ಕಣ್ಣು ಮುಚ್ಚಿ ತೇವಾರದ, ಅಂದರೆ ಶಿವನ ಮೇಲಿನ ಹಳೇ ತಮಿಳು ಹಾಡುಗಳ, ಒಂದು ಪದ್ಯ ಹಾಡಿದರು. ಗಟ್ಟಿ ದನಿ. ಎಲ್ಲೂ ತಡವರಿಸಲಿಲ್ಲ.

ಎದುರುಮನೆಯ ತಮಿಳು ಅಜ್ಜಿಗೆ ಕಣ್ಣಲ್ಲಿ ನೀರು. ಆಕೆಯ ಕೈ ಹಿಡಿದುಕೊಂಡು ತಮಿಳಿನಲ್ಲಿ ಏನೇನೋ ಕೇಳಿದರು. ಆಕೆ ನಕ್ಕು ಇಂಗ್ಲಿಷಿನಲ್ಲಿ ಹೇಳಿದರು: "ಸಾರಿ ಆಂಟಿ, ನನಗೆ ತಮಿಳು ಬರೋದಿಲ್ಲ."

ಅಜ್ಜಿಗೆ ಅರ್ಥವೇ ಆಗಲಿಲ್ಲ. ಈಗಷ್ಟೇ ಹಾಡಿದಳಲ್ಲ!

ನಾನು ಆ ನೋಟ್‌ಬುಕ್ ಕೇಳಿ ನೋಡಿದೆ. ಪೂರ್ತಿ ತಮಿಳು ಹಾಡುಗಳು, ಆದರೆ ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ಆಕೆಯ ಅಮ್ಮನ ಕೈಬರಹ. ದೀರ್ಘ ಇದ್ದ ಕಡೆ ಎರಡೆರಡು ಎ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಪೆನ್ಸಿಲಿನ ಸಣ್ಣ ಗೀಟು. ಒಂದು ಪುಟದ ತುದಿಯಲ್ಲಿ ಕುಂಕುಮದ ಬೆರಳಚ್ಚು. ಇನ್ನೊಂದರ ಅಂಚಿನಲ್ಲಿ "ಆಯಾ ಧಾಟಿ" ಅಂತ ಬರೆದಿತ್ತು. ಆಯಾ ಅಂದರೆ ಅವರಲ್ಲಿ ಅಜ್ಜಿ. ಅರ್ಥ ಮಾತ್ರ ಎಲ್ಲೂ ಬರೆದಿರಲಿಲ್ಲ.

ಅರ್ಥ ಗೊತ್ತಿಲ್ಲದ ಹಾಡನ್ನು ಇಷ್ಟು ವರ್ಷ ಒಂದು ಜನ ಯಾಕೆ ಹಿಡಿದುಕೊಂಡಿರುತ್ತಾರೆ? ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹಡಗಿನ ಕತೆ, ಬೇಗ ಹೇಳಿ ಮುಗಿಸುತ್ತೇನೆ. 1860ರ ನವೆಂಬರ್ 16ರಂದು ಟ್ರೂರೋ ಎಂಬ ಹಡಗು ಮದರಾಸಿನಿಂದ ಡರ್ಬನ್ ಬಂದರಿಗೆ ಬಂತು. ಅದರ ಹಿಂದೆಯೇ ಕಲ್ಕತ್ತೆಯಿಂದ ಬೆಲ್ವೆಡೇರ್. ಡರ್ಬನ್ ಇರುವ ನಟಾಲ್ ಆಗ ಬ್ರಿಟಿಷರ ವಸಾಹತು. ಅಲ್ಲಿನ ಬಿಳಿಯರಿಗೆ ಕಬ್ಬು ಬೆಳೆಯಲು ಆಳು ಬೇಕಿತ್ತು. 1911ರವರೆಗೆ ಹೀಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಹೋದರು. ಮೂರರಲ್ಲಿ ಎರಡು ಪಾಲು ಮದರಾಸಿನಿಂದ ಹತ್ತಿದವರು, ತಮಿಳರು, ತೆಲುಗರು. ಉಳಿದವರು ಬಿಹಾರ, ಉತ್ತರ ಪ್ರದೇಶದ ಕಡೆಯ ಭೋಜಪುರಿ ಜನ. ಐದು ವರ್ಷದ ಕರಾರು, ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್. ಅಗ್ರಿಮೆಂಟ್ ಅನ್ನುವ ಪದ ಅವರ ಬಾಯಲ್ಲಿ ಸವೆದು ಗಿರ್ಮಿಟ್ ಆಯಿತು. ಪ್ರತಿಯೊಬ್ಬರಿಗೂ ಒಂದು ನಂಬರು. ಆಮೇಲೆ ತಮ್ಮ ದುಡ್ಡಲ್ಲೇ ಟಿಕೆಟ್ ತೆಗೆಸಿ ಗುಜರಾತಿ ವ್ಯಾಪಾರಿಗಳೂ ಬಂದರು. ಗಾಂಧಿ 1893ರಲ್ಲಿ ಅಲ್ಲಿಗೆ ಹೋದದ್ದು ಅಂಥ ಒಬ್ಬ ವ್ಯಾಪಾರಿಯ ಕೋರ್ಟು ಕೆಲಸಕ್ಕೆ. ಆ ಕತೆ ನಿಮಗೆಲ್ಲ ಗೊತ್ತು.

ತೋಟದ ಜನ ಏನು ಹಾಡುತ್ತಿದ್ದರು ಅನ್ನೋದು ಅಷ್ಟು ಗೊತ್ತಿಲ್ಲ, ಅಲ್ವಾ? ಅವರಿಗೆ ವರ್ಷಕ್ಕೊಮ್ಮೆ ಮೊಹರಂಗೆ ಮೂರು ದಿನ ರಜೆ ಸಿಗುತ್ತಿತ್ತು. ಕೂಲಿಗಳಲ್ಲಿ ಹೆಚ್ಚಿನವರು ಹಿಂದೂಗಳು. ಆದರೂ ಎಲ್ಲರೂ ಸೇರಿ ತಾಬೂತು ಕಟ್ಟಿ, ತಮಟೆ ಬಡಿದು, ಹುಲಿವೇಷ ಹಾಕಿ ಡರ್ಬನ್ ಬೀದಿಯಲ್ಲಿ ಕುಣಿಯುತ್ತಿದ್ದರು. ಬಿಳಿಯರು ಇದಕ್ಕೆ "ಕೂಲಿ ಕ್ರಿಸ್‌ಮಸ್" ಅಂತ ಹೆಸರಿಟ್ಟರು. ರಾಯಚೂರು, ಬಳ್ಳಾರಿ ಕಡೆಯವರು ಇಲ್ಲಿದ್ದರೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣುವುದಿಲ್ಲ. ನಮ್ಮ ಹಳ್ಳಿಗಳಲ್ಲೂ ಅಲಾಯಿ ಹಬ್ಬಕ್ಕೆ ಹಿಂದೂಗಳೇ ಮುಂದೆ. ಹುಲಿಯೂ ಇರುತ್ತೆ.

ಇನ್ನೊಂದು, ತೆರುಕೂತ್ತು. ತಮಿಳರ ಬೀದಿ ಬಯಲಾಟ. ದ್ರೌಪದಿ ಕತೆ, ಹರಿಶ್ಚಂದ್ರನ ಕತೆ, ರಾತ್ರಿಯಿಡೀ. ನಟಾಲ್‌ನಲ್ಲಿ ಇದು ಎಷ್ಟು ಬೇರುಬಿಟ್ಟಿತು ಅಂದರೆ, ಮುಂದಿನ ತಲೆಮಾರು ಅದಕ್ಕೆ ಇಂಗ್ಲಿಷಿನಲ್ಲಿ "ಸಿಕ್ಸ್ ಫುಟ್ ಡಾನ್ಸ್" ಅನ್ನತೊಡಗಿತು. ಆರು ಅಡಿ ಕುಣಿತ! ಮಾರಿಯಮ್ಮನ ಗುಡಿಗಳಲ್ಲಿ ಕರಗ ಹೊರುತ್ತಾರೆ, ಕೆಂಡ ತುಳಿಯುತ್ತಾರೆ. ತಿಗಳರಪೇಟೆಯ ಕರಗ ನೋಡಿದವರಿಗೆ ಆ ಹೂವಿನ ಗೋಪುರ, ಆ ವಾದ್ಯದ ಗತಿ ಹೊಸದಲ್ಲ. ದ್ರೌಪದಿ ಎರಡೂ ಕಡೆ ತಾಯಿ. ಒಂದು ಕಡೆ ಪೇಟೆ ಬೀದಿ, ಇನ್ನೊಂದು ಕಡೆ ಕಬ್ಬಿನ ಗದ್ದೆ, ಅಷ್ಟೇ ವ್ಯತ್ಯಾಸ.

ಈಗ ಕಾನೂನಿಗೆ ಬರುತ್ತೇನೆ. ವರ್ಣಭೇದ ಅಂದ ಕೂಡಲೇ ನಮಗೆ ನೆನಪಾಗೋದು ಬೆಂಚು, ಬಸ್ಸು, ಬೀಚು. ಹೊಡೆತ ಜೋರಾಗಿ ಬಿದ್ದದ್ದು ಮನೆಯ ಮೇಲೆ. 1950ರಲ್ಲಿ ಎರಡು ಕಾಯಿದೆ ಬಂದವು. ಒಂದು, ಪ್ರತಿಯೊಬ್ಬರಿಗೂ ಜನಾಂಗದ ಚೀಟಿ ಅಂಟಿಸುವಂಥದ್ದು. ಇನ್ನೊಂದು, ಯಾವ ಚೀಟಿಯವರು ಯಾವ ಜಾಗದಲ್ಲಿ ಇರಬೇಕು ಅಂತ ಹೇಳುವ ಗ್ರೂಪ್ ಏರಿಯಾಸ್ ಆಕ್ಟ್.

ಡರ್ಬನ್ನಿನ ಹತ್ತಿರ ಕೇಟೋ ಮ್ಯಾನರ್ ಅಂತ ಗುಡ್ಡದ ಪ್ರದೇಶ. ಕರಾರು ಮುಗಿಸಿದ ಭಾರತೀಯರು ಅಲ್ಲಿ ತರಕಾರಿ, ಬಾಳೆ ಬೆಳೆದು ಮನೆ ಕಟ್ಟಿಕೊಂಡಿದ್ದರು. ಅವರ ಜಾಗದಲ್ಲೇ ಆಫ್ರಿಕನ್ನರು ತಗಡಿನ ಗುಡಿಸಲು ಹಾಕಿ ಅವರಿಗೆ ಬಾಡಿಗೆ ಕಟ್ಟಿಕೊಂಡಿದ್ದರು. ಇದನ್ನು ಸ್ವಲ್ಪ ನಿಂತು ಹೇಳಬೇಕು. ನಾವು ಭಾರತೀಯರ ಕಷ್ಟ ಹೇಳುವಾಗ ಅವರು ಬಾಡಿಗೆ ವಸೂಲಿ ಮಾಡುವವರೂ ಆಗಿದ್ದರು ಅನ್ನೋದನ್ನು ನುಂಗಿಬಿಡುತ್ತೇವೆ. 1949ರ ಜನವರಿಯಲ್ಲಿ ಡರ್ಬನ್ನಿನಲ್ಲಿ ದೊಡ್ಡ ಗಲಭೆ ಆಯಿತು. ಭಾರತೀಯರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಸತ್ತವರು 142 ಜನ. ಅವರಲ್ಲಿ ಜಾಸ್ತಿ ಆಫ್ರಿಕನ್ನರೇ, ಅನೇಕರು ಪೊಲೀಸರ ಗುಂಡಿಗೆ ಬಿದ್ದವರು. ಆ ಭಯ ಮುಂದೆ ಎಷ್ಟೋ ವರ್ಷ ಎರಡೂ ಕಡೆ ಉಳಿಯಿತು. ಸರ್ಕಾರಕ್ಕೆ ಅದು ಬೇಕಾಗಿಯೂ ಇತ್ತು.

1958ರಲ್ಲಿ ಕೇಟೋ ಮ್ಯಾನರ್ ಬಿಳಿಯರ ಪ್ರದೇಶ ಅಂತ ಘೋಷಣೆಯಾಯಿತು. ಮನೆಗಳು ಒಂದೊಂದಾಗಿ ನೆಲಸಮ. ನಗರಸಭೆಯ ಪೌರಕಾರ್ಮಿಕರಿದ್ದ ಮ್ಯಾಗಜೀನ್ ಬ್ಯಾರಕ್ಸ್ ಅನ್ನೋ ವಠಾರವನ್ನೂ ಖಾಲಿ ಮಾಡಿಸಿದರು. ತಮಿಳು ಶಾಲೆ, ನಾಟಕ, ಫುಟ್‌ಬಾಲು ಎಲ್ಲಾ ಇದ್ದ ವಠಾರ ಅದು. 1964ರ ಹೊತ್ತಿಗೆ ಚಾಟ್ಸ್‌ವರ್ತ್ ಅನ್ನೋ ಹೊಸ ಬಡಾವಣೆ ತಯಾರಾಯಿತು, ಭಾರತೀಯರಿಗೆ ಮಾತ್ರ. ಆಫ್ರಿಕನ್ನರ ಬಡಾವಣೆಯಾದ ಉಮ್ಲಾಜಿಗೂ ಬಿಳಿಯರ ಬಡಾವಣೆಗಳಿಗೂ ನಡುವೆ ಅದನ್ನು ಇಟ್ಟರು. ಗಟ್ಟಿ ಭಾಷೆಯಲ್ಲಿ ಹೇಳಿದರೆ, ಭಾರತೀಯರನ್ನು ಬೇಲಿಯಾಗಿ ನೆಟ್ಟರು.

ಒಂದು ವಿಚಿತ್ರ ನೋಡಿ. ಕೇಟೋ ಮ್ಯಾನರಿನಲ್ಲಿ ಮನೆಗಳನ್ನು ಕೆಡವಿದರು, ಗುಡಿಗಳನ್ನು ಕೆಡವಲಿಲ್ಲ. ಹುಲ್ಲು, ಮುಳ್ಳು ಬೆಳೆದ ಖಾಲಿ ಗುಡ್ಡದ ಮೇಲೆ ಗುಡಿ ಮಾತ್ರ ನಿಂತಿದ್ದವು. ಹಬ್ಬದ ದಿನ ಜನ ಚಾಟ್ಸ್‌ವರ್ತಿನಿಂದ ಬಸ್ಸು ಹತ್ತಿ ವಾಪಸ್ ಬರುತ್ತಿದ್ದರು. ಕಾವಡಿ ಹೊತ್ತು, ನಾಗಸ್ವರ ಊದಿ, ತಮ್ಮದಾಗಿದ್ದ ಬೀದಿಯಲ್ಲಿ ನಡೆದು, ಸಂಜೆ ಬಸ್ಸು ಹತ್ತಿ ಹೋಗುತ್ತಿದ್ದರು. ನನ್ನ ಡರ್ಬನ್ ಗೆಳತಿ ಚಿಕ್ಕವರಿದ್ದಾಗ ಆಯಾ ಜೊತೆ ಹಾಗೆ ಹೋಗಿದ್ದರಂತೆ. ಮೆರವಣಿಗೆ ಒಂದು ತಿರುವಿನಲ್ಲಿ ಸುಮ್ನೆ ನಿಲ್ಲುತ್ತಿತ್ತು. ಅಲ್ಲಿ ಗುಡಿಯಿಲ್ಲ, ಕಟ್ಟೆಯಿಲ್ಲ, ಏನೂ ಇಲ್ಲ. ಡೋಲಿನವನು ಮಾತ್ರ ಬಿಡದೆ ಬಾರಿಸುತ್ತಿದ್ದ. "ಇಲ್ಲಿ ಯಾಕೆ ನಿಂತಿದ್ದೀವಿ?" ಅಂತ ಕೇಳಿದರೆ ಆಯಾ, "ಇದು ನಮ್ಮ ಅಡುಗೆಮನೆ" ಅಂದರಂತೆ.

ಸಿನಿಮಾಕ್ಕೆ ಬರೋಣ. 1946ರಲ್ಲಿ ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ದೇಶ ನಮ್ಮದು. ನಮ್ಮ ಹಳೇ ಪಾಸ್‌ಪೋರ್ಟುಗಳಲ್ಲಿ ದಕ್ಷಿಣ ಆಫ್ರಿಕಾ ಬಿಟ್ಟು ಅಂತ ಇರುತ್ತಿತ್ತು, ಇಲ್ಲಿ ಕೆಲವರು ನೋಡಿರುತ್ತೀರಿ. ನ್ಯಾಯವಾದ ಕೆಲಸವೇ. ಆದರೆ ಅಲ್ಲಿನ ಭಾರತೀಯರ ಪಾಲಿಗೆ ಏನಾಯಿತು? ಅವರ ಊರು ಅವರನ್ನು ಪರದೇಶಿ ಅಂತಿತ್ತು. ಅವರ ಪೂರ್ವಜರ ದೇಶ ಬಾಗಿಲು ಹಾಕಿತ್ತು. ಸಂಗೀತದ ಮೇಷ್ಟ್ರು, ವಿದ್ವಾಂಸರು ಯಾರೂ ಇಲ್ಲಿಂದ ಸಲೀಸಾಗಿ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಬಾಗಿಲ ಸಂದಿಯಿಂದ ನುಸುಳಿದ್ದು ಸಿನಿಮಾ ರೀಲು ಮತ್ತು ಗ್ರಾಮಫೋನ್ ತಟ್ಟೆ.

ಡರ್ಬನ್ನಿನ ಗ್ರೇ ಸ್ಟ್ರೀಟ್ ಆಗ ಭಾರತೀಯರ ಪೇಟೆ. ಬ್ರೆಡ್ಡಿನ ಒಳಗೆ ಪಲ್ಯ ತುಂಬಿ ಕೊಡುವ ಬನಿ ಚೌ ಅನ್ನೋ ತಿಂಡಿ ಹುಟ್ಟಿದ್ದೂ ಈ ಬೀದಿಗಳಲ್ಲೇ. ಅಲ್ಲಿ ಅವಲಾನ್, ಷಹಜಹಾನ್ ಮೊದಲಾದ ಟಾಕೀಸುಗಳು ಭಾರತೀಯರೇ ನಡೆಸುತ್ತಿದ್ದಂಥವು. ಹಿಂದಿ, ತಮಿಳು ಸಿನಿಮಾ ಬರುತ್ತಿತ್ತು. 1965ರಲ್ಲಿ ಸರ್ಕಾರ ಬೇರೆ ಬೇರೆ ಜನಾಂಗದವರು ಒಟ್ಟಿಗೆ ಕೂತು ಸಿನಿಮಾ, ಸಂಗೀತ ಕಚೇರಿ ನೋಡೋದನ್ನೂ ನಿಷೇಧಿಸಿತು.

ಈ ಹಾಡುಗಳನ್ನು ಮದುವೆ ಮನೆಗೆ ತಂದದ್ದು ಆರ್ಕೆಸ್ಟ್ರಾಗಳು. ಹಾರ್ಮೋನಿಯಂ, ಪಿಟೀಲು, ಮ್ಯಾಂಡೊಲಿನ್, ಕ್ಲಾರಿನೆಟ್, ಅಕಾರ್ಡಿಯನ್, ಕೈಗೆ ಸಿಕ್ಕಿದ ಡ್ರಮ್ಮು. ಹಗಲು ಬಟ್ಟೆ ಕಾರ್ಖಾನೆಯಲ್ಲೋ ಹೋಟೆಲಿನಲ್ಲೋ ಕೆಲಸ, ಶನಿವಾರ ರಾತ್ರಿ ಶಾಮಿಯಾನದ ಕೆಳಗೆ ಹಾಡು. ಸ್ವರ ಬರೆದುಕೊಂಡು ಕಲಿತದ್ದಲ್ಲ. ಒಂದೇ ತಟ್ಟೆಯನ್ನು ಇಪ್ಪತ್ತು ಸಲ ತಿರುಗಿಸಿ, ಮುಳ್ಳು ಎತ್ತಿ ಎತ್ತಿ ಇಟ್ಟು, ಕಿವಿಯಲ್ಲೇ ಹಿಡಿದದ್ದು.

ಗೊತ್ತಿಲ್ಲದ ಭಾಷೆಯ ಹಾಡು ನಮಗೂ ಹೊಸದಲ್ಲ. ನಮ್ಮಪ್ಪನಿಗೆ ಹಿಂದಿ ನಾಲ್ಕು ಮಾತು ಬರುತ್ತಿರಲಿಲ್ಲ. ಬುಧವಾರ ರಾತ್ರಿ ಸಿಲೋನ್ ರೇಡಿಯೋದ ಹಿಂದಿ ಹಾಡು ಮಾತ್ರ ತಪ್ಪಿಸುತ್ತಿರಲಿಲ್ಲ. ಎಲ್ಲವನ್ನೂ ಬಾಯಿಪಾಠ ಹಾಡುತ್ತಿದ್ದರು. ಆದರೆ ಒಂದು ವ್ಯತ್ಯಾಸ ಇದೆ. ಹಾಡು ಮುಗಿದ ಮೇಲೆ ಅಪ್ಪ ಕನ್ನಡಕ್ಕೆ ವಾಪಸ್ ಬರುತ್ತಿದ್ದರು. ಡರ್ಬನ್ನಿನ ಹುಡುಗ ವಾಪಸ್ ಬರುತ್ತಿದ್ದದ್ದು ಇಂಗ್ಲಿಷಿಗೆ. ಶಾಲೆಯಲ್ಲಿ ಇಂಗ್ಲಿಷು, ಕೆಲಸಕ್ಕೆ ಇಂಗ್ಲಿಷು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಮನೆಯೊಳಗೂ ಇಂಗ್ಲಿಷು ಬಂತು. ತಾತನಿಗೆ ತಮಿಳು ಮಾತು, ಅಪ್ಪನಿಗೆ ಅರ್ಧ ತಮಿಳು, ಮಗಳಿಗೆ ತಮಿಳು ಹಾಡು ಮಾತ್ರ. ಭಾಷೆ ಮನೆಯಿಂದ ಹೊರಗೆ ಹೋದ ಮೇಲೂ ಹಾಡು ದೇವರ ಕೋಣೆಯಲ್ಲಿ ಉಳಿದುಕೊಂಡಿತು. ಗುಡಿಗಳಲ್ಲಿ ಇಂಗ್ಲಿಷ್ ಅಕ್ಷರದ ಹಾಡಿನ ಪುಸ್ತಕ ಹಂಚುವುದು ಮಾಮೂಲಾಯಿತು. ಅಂಥ ಮನೆಯಲ್ಲೇ ಆ ನೋಟ್‌ಬುಕ್ ತಯಾರಾದದ್ದು.

ತಮಿಳು ಸಂಘಗಳು ಪ್ರತಿ ವರ್ಷ ಹಾಡಿನ ಸ್ಪರ್ಧೆ ನಡೆಸುತ್ತವೆ. ಅದರ ಹೆಸರೇನು ಗೊತ್ತಾ? ತಮಿಳ್ ಐಸ್ಟೆಡ್‌ಫಡ್. ಐಸ್ಟೆಡ್‌ಫಡ್ ಅನ್ನೋದು ಬ್ರಿಟನ್ನಿನ ವೇಲ್ಸ್ ಜನರ ಹಾಡಿನ ಹಬ್ಬದ ಹೆಸರು, ವೆಲ್ಷ್ ಭಾಷೆಯ ಪದ. ಆಫ್ರಿಕಾದಲ್ಲಿ, ಇಂಗ್ಲಿಷ್ ಮಾತಾಡುವ ಮಕ್ಕಳು, ವೆಲ್ಷ್ ಹೆಸರಿನ ಸ್ಪರ್ಧೆಯಲ್ಲಿ, ತಮಿಳು ಹಾಡುತ್ತಾರೆ. ಇದನ್ನು ಕೇಳಿ ನಕ್ಕೆ. ಆಮೇಲೆ ನಗು ನಿಂತಿತು. ಕೈಗೆ ಸಿಕ್ಕಿದ್ದರಲ್ಲೇ ಗುಡಿಸಲು ಕಟ್ಟಿಕೊಂಡ ಹಾಗೆ ಇದೂ.

ಎಲ್ಲರೂ ಗುಡಿಯಲ್ಲೇ ಕೂತಿದ್ದರು ಅಂದುಕೊಳ್ಳಬೇಡಿ. ಗ್ರೇ ಸ್ಟ್ರೀಟಿನ ಪಕ್ಕದ ವಿಕ್ಟೋರಿಯಾ ಸ್ಟ್ರೀಟಿನಲ್ಲಿ ಪಂಪಿ ನಾಯ್ಡು ಅನ್ನುವವರ ಗುಡ್‌ವಿಲ್ ಲೌಂಜ್ ಇತ್ತು. ಊಟದ ಹೋಟೆಲು, ಜೊತೆಗೆ ಜಾಝ್. ಐವತ್ತರ ದಶಕದಲ್ಲಿ ಭಾರತೀಯರು, ಆಫ್ರಿಕನ್ನರು, ಕಲರ್ಡ್ (ಮಿಶ್ರ ಜನಾಂಗ) ಅನ್ನಿಸಿಕೊಂಡವರು ಒಂದೇ ಕೋಣೆಯಲ್ಲಿ ಕೂತು ಸಂಗೀತ ಕೇಳುವ ಅಪರೂಪದ ಜಾಗ. ಡರ್ಬನ್ನಿನ ಸನ್ನಿ ಪಿಳ್ಳೈ ಆ ಕಾಲದ ಗಾಯಕ. ದಕ್ಷಿಣ ಆಫ್ರಿಕಾದ ಹೆಸರಾಂತ ಗಾಯಕಿ ಮಿರಿಯಂ ಮಕೇಬಾ 1959ರಲ್ಲಿ ಮದುವೆಯಾದದ್ದು ಇವರನ್ನು. ಆ ಮದುವೆ ಹೆಚ್ಚು ದಿನ ಬಾಳಲಿಲ್ಲ. ವರ್ಣಭೇದದ ಮದುವೆ ಕಾನೂನು ತಡೆಯುತ್ತಿದ್ದದ್ದು ಬಿಳಿಯರ ಜೊತೆಗಿನ ಸಂಬಂಧವನ್ನು ಮಾತ್ರ. ಭಾರತೀಯರು ಆಫ್ರಿಕನ್ನರನ್ನು ಮದುವೆಯಾಗದಂತೆ ತಡೆಯಲು ಕಾನೂನು ಬೇಕಿರಲಿಲ್ಲ, ಮನೆಯ ಹಿರಿಯರೇ ಸಾಕಿತ್ತು. ಲಯನೆಲ್ ಪಿಳ್ಳೈ ಅಂತ ಇನ್ನೊಬ್ಬರು, ಪಿಯಾನೋ ನುಡಿಸುವವರು. ಸ್ಯಾಕ್ಸೊಫೋನ್ ವಾದಕ ಬೇಸಿಲ್ ಕೂಟ್ಸಿಯಾ ಜೊತೆ ಅವರು ಮಾಡಿದ ರೆಕಾರ್ಡಿಂಗು ಸಿಕ್ಕರೆ ಕೇಳಿ. ಅದರಲ್ಲಿ ಭಾರತ ಹುಡುಕಬೇಡಿ. ಅದು ಡರ್ಬನ್ನಿನ ಹುಡುಗನೊಬ್ಬನ ಜಾಝ್, ಅಷ್ಟೇ.

ದಿ ಫ್ಲೇಮ್ಸ್ ಕತೆಯನ್ನೂ ಹೇಳಲೇಬೇಕು. 1963ರಲ್ಲಿ ಡರ್ಬನ್ನಿನ ಫತಾರ್ ಮನೆತನದ ಹುಡುಗರು ಕಟ್ಟಿದ ಬ್ಯಾಂಡ್. ಆ ಬೀದಿಗಳಲ್ಲಿ ಮಲಯ, ಕಲರ್ಡ್, ಇಂಡಿಯನ್ ಅನ್ನೋ ಗೆರೆಗಳು ಸರ್ಕಾರದ ಕಾಗದದಲ್ಲಿ ಇದ್ದಷ್ಟು ನೇರವಾಗಿ ಇರಲಿಲ್ಲ. ಅವರು ಹಾಡಿದ್ದು ಇಂಗ್ಲಿಷ್ ಸೋಲ್ ಸಂಗೀತ. 1968ರಲ್ಲಿ ದೇಶವೆಲ್ಲ ಅವರ ಹಾಡು ಕೇಳುತ್ತಿತ್ತು. ಆಮೇಲೆ ಅಮೆರಿಕದ ಬೀಚ್ ಬಾಯ್ಸ್ ಅನ್ನೋ ಹೆಸರಾಂತ ಬ್ಯಾಂಡಿನವರು ಅವರನ್ನು ಕರೆಸಿಕೊಂಡರು. 1972ರಲ್ಲಿ ರಿಕಿ ಫತಾರ್ ಮತ್ತು ಬ್ಲಾಂಡಿ ಚಾಪ್ಲಿನ್ ಬೀಚ್ ಬಾಯ್ಸ್‌ಗೇ ಸೇರಿದರು. ತಮ್ಮೂರಿನ ಕಡಲ ತೀರದಲ್ಲಿ ಬಿಳಿಯರ ಭಾಗಕ್ಕೆ ಕಾಲಿಡುವಂತಿಲ್ಲದ ಹುಡುಗರು ಬೀಚ್ ಬಾಯ್ಸ್ ಆದರು. ಇದನ್ನು ಯಾರಾದರೂ ಕತೆಯಲ್ಲಿ ಬರೆದಿದ್ದರೆ ನಾನು ಅತಿಯಾಯಿತು ಅನ್ನುತ್ತಿದ್ದೆ.

ಚಾಟ್ಸ್‌ವರ್ತಿನಲ್ಲಿ ಪೆಂಟೆಕೋಸ್ಟಲ್ ಚರ್ಚುಗಳೂ ಬೆಳೆದವು. ಅಲ್ಲಿ ಗಿಟಾರು, ಇಂಗ್ಲಿಷ್ ಹಾಡು, ಎಲ್ಲರಿಗೂ ಅರ್ಥವಾಗುವಂಥದ್ದು. ಗುಡಿಯವರಿಗೆ ಇದು ದೊಡ್ಡ ಚಿಂತೆ. ಒಂದೇ ಮನೆಯಲ್ಲಿ ಅಣ್ಣ ಕಾವಡಿ ಹೊತ್ತರೆ ತಮ್ಮ ಚರ್ಚಿನಲ್ಲಿ ಗಿಟಾರು ಹಿಡಿಯುತ್ತಿದ್ದ.

ಈಗ ನಾನು ಹೇಳಬೇಕು ಅಂತ ಬಂದ ಮಾತು. ವರ್ಣಭೇದದ ಸರ್ಕಾರ ಭಾರತೀಯರ ಹಾಡನ್ನು ನಿಷೇಧಿಸಿತಾ? ಇಲ್ಲ. ಅದೇ ತಮಾಷೆ. ಮೊದಲು ದಶಕಗಟ್ಟಲೆ "ನೀವು ಇಲ್ಲಿಯವರಲ್ಲ, ವಾಪಸ್ ಹೋಗಿ" ಅನ್ನುತ್ತಿತ್ತು. ಹೋಗುವವರಿಗೆ ಹಡಗಿನ ಖರ್ಚು, ಮೇಲೆ ದುಡ್ಡು. ಹೆಚ್ಚು ಜನ ಹೋಗಲಿಲ್ಲ. 1961ರಲ್ಲಿ ಕೊನೆಗೂ ಭಾರತೀಯರು ದೇಶದ ಕಾಯಂ ಜನ ಅಂತ ಒಪ್ಪಿಕೊಂಡಿತು. ಆಮೇಲೆ ರಾಗ ಬದಲಾಯಿತು. "ಇಲ್ಲೇ ಇರಿ. ಆದರೆ ಭಾರತೀಯರಾಗಿಯೇ ಇರಿ, ನಿಮ್ಮ ಮೂಲೆಯಲ್ಲಿ, ನಿಮ್ಮ ಭಜನೆ ಮಾಡಿಕೊಂಡು." ಅದೇ ವರ್ಷ ಭಾರತೀಯರಿಗೇ ಅಂತ ಒಂದು ಕಾಲೇಜು ತೆರೆದರು. ಎಲ್ಲಿ? ಬಂದರಿನ ನಡುವಿನ ಸಾಲ್ಸ್‌ಬರಿ ದ್ವೀಪದಲ್ಲಿ, ನೌಕಾದಳದ ಹಳೇ ಬ್ಯಾರಕ್ಕಿನಲ್ಲಿ. ಅದೇ ಮುಂದೆ ಡರ್ಬನ್ ವೆಸ್ಟ್‌ವಿಲ್ ವಿಶ್ವವಿದ್ಯಾಲಯವಾಗಿ ಭಾರತೀಯ ಸಂಗೀತವನ್ನೂ ಕಲಿಸಿತು. ಕಲಿತವರಿಗೆ ಅನುಕೂಲವಾಯಿತು, ಸುಳ್ಳಲ್ಲ. ಆದರೆ ಪ್ರತಿ ಜನಾಂಗಕ್ಕೂ ಅದರದೇ ಸಂಸ್ಕೃತಿ, ಅದರದೇ ಜಾಗ ಅನ್ನೋದೇ ಆ ಸರ್ಕಾರದ ಮೂಲಮಂತ್ರ. ಹಾಗಾಗಿ ನಿಮ್ಮ ಅಜ್ಜಿಯ ಹಾಡನ್ನು ನೀವು ಪ್ರೀತಿಯಿಂದ ಹಾಡಿದಷ್ಟೂ "ನೋಡಿ, ಇವರು ಬೇರೆಯವರೇ" ಅನ್ನಲು ಅವರಿಗೊಂದು ಸಾಕ್ಷಿ. ಹಾಡದೆ ಬಿಟ್ಟರೆ ಅಜ್ಜಿಯೇ ಕಳೆದುಹೋಗುತ್ತಾಳೆ. ಇಕ್ಕಟ್ಟು ಅಂದರೆ ಇದು.

1983ರ ಜನವರಿ 8ರಂದು ಸರ್ಕಾರಿ ರೇಡಿಯೋ ಸಂಸ್ಥೆ ಭಾರತೀಯರಿಗಾಗಿ ರೇಡಿಯೋ ಲೋಟಸ್ ಶುರು ಮಾಡಿತು. ಹಿಂದಿ, ತಮಿಳು, ತೆಲುಗು, ಗುಜರಾತಿ, ಉರ್ದು ಹಾಡು, ಮಧ್ಯೆ ಮಧ್ಯೆ ಇಂಗ್ಲಿಷ್ ಮಾತು. ಅಡುಗೆಮನೆಗಳಲ್ಲಿ ಅದು ಬೆಳಗಿನಿಂದ ರಾತ್ರಿವರೆಗೂ ಉಲಿಯುತ್ತಿತ್ತು. ಅದೇ ವರ್ಷ ಸರ್ಕಾರ ಇನ್ನೊಂದು ಉಡುಗೊರೆ ತಂದಿತು, ಹೊಸ ಸಂವಿಧಾನ. ಸಂಸತ್ತಿಗೆ ಮೂರು ಮನೆ, ಅಂದರೆ ಮೂರು ಸದನ. ಬಿಳಿಯರಿಗೆ ಒಂದು, ಕಲರ್ಡ್ ಜನಕ್ಕೆ ಒಂದು, ಭಾರತೀಯರಿಗೆ ಒಂದು. ದೇಶದ ಬಹುಸಂಖ್ಯಾತ ಆಫ್ರಿಕನ್ನರಿಗೆ ಏನೂ ಇಲ್ಲ. ಭಾರತೀಯರನ್ನು ಮತ್ತೊಮ್ಮೆ ಬೇಲಿ ಮಾಡುವ ಲೆಕ್ಕ.

1984ರ ಆಗಸ್ಟಿನಲ್ಲಿ ಭಾರತೀಯರ ಆ ಸದನಕ್ಕೆ ಚುನಾವಣೆ ಬಂತು. ನಟಾಲ್ ಇಂಡಿಯನ್ ಕಾಂಗ್ರೆಸ್, ಅದು ಗಾಂಧಿ 1894ರಲ್ಲಿ ಕಟ್ಟಿದ್ದು, ಮತ್ತು ವರ್ಣಭೇದದ ವಿರುದ್ಧದ ಒಕ್ಕೂಟವಾದ ಯುನೈಟೆಡ್ ಡೆಮಾಕ್ರಟಿಕ್ ಫ್ರಂಟ್ ಮನೆಮನೆಗೆ ಹೋಗಿ ಬಹಿಷ್ಕಾರಕ್ಕೆ ಕರೆ ಕೊಟ್ಟವು. ನೋಂದಾಯಿಸಿಕೊಂಡ ಮತದಾರರಲ್ಲಿ ವೋಟು ಹಾಕಿದವರು ಐದರಲ್ಲಿ ಒಬ್ಬರು, ಸುಮಾರು 20 ಪರ್ಸೆಂಟು.

ಸರ್ಕಾರ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಕೊಟ್ಟಿತ್ತು. ಇದು ನಿಮ್ಮ ಹಾಡು, ಇದು ನಿಮ್ಮ ಮತಪೆಟ್ಟಿಗೆ. ಜನ ಒಂದನ್ನು ಎತ್ತಿಕೊಂಡು ಇನ್ನೊಂದನ್ನು ತಟ್ಟೆಯಲ್ಲೇ ಬಿಟ್ಟರು. ರೇಡಿಯೋ ಕೇಳಿದರು, ವೋಟು ಹಾಕಲಿಲ್ಲ. ಸಂಸ್ಕೃತಿ ಉಳಿಸಿಕೊಂಡವರು ರಾಜಕೀಯದಲ್ಲಿ ಹಿಂದೆ ಅನ್ನುವವರಿಗೂ, ಹೋರಾಟಗಾರರಿಗೆ ಸಂಸ್ಕೃತಿಯಿಲ್ಲ ಅನ್ನುವವರಿಗೂ ನಾನು ಈ 20 ಪರ್ಸೆಂಟನ್ನೇ ತೋರಿಸುತ್ತೇನೆ.

ಆ ವರ್ಷಗಳ ಹೋರಾಟದ ಸಭೆಗಳು ಮುಗಿಯುತ್ತಿದ್ದದ್ದು ಎಂಕೋಸಿ ಸಿಕೆಲೆಲ್ ಐಆಫ್ರಿಕಾ ಹಾಡಿನಿಂದ. ಈನಾಕ್ ಸೊಂಟೊಂಗಾ 1897ರಲ್ಲಿ ಕಟ್ಟಿದ ಖೋಸಾ ಭಾಷೆಯ ಪ್ರಾರ್ಥನೆ ಅದು. ಈಗ ಅವರ ರಾಷ್ಟ್ರಗೀತೆಯ ಭಾಗ. ನನ್ನ ಗೆಳತಿಯ ಅಮ್ಮ ಅದನ್ನೂ ಬರೆದುಕೊಂಡಿದ್ದರು. ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಅದೇ ರೀತಿ, ಉಸಿರಿನ ಗೀಟು ಹಾಕಿಕೊಂಡು. ಅವರಿಗೆ ಖೋಸಾವೂ ಬರುತ್ತಿರಲಿಲ್ಲ. ಬೆಳಗ್ಗೆ ತಮಿಳು ಬಾರದೆ ತೇವಾರ, ಮಧ್ಯಾಹ್ನ ರೇಡಿಯೋ ಜೊತೆ ಹಿಂದಿ ಬಾರದೆ ಹಿಂದಿ ಹಾಡು, ಸಂಜೆ ಸಭೆಯಲ್ಲಿ ಖೋಸಾ ಬಾರದೆ ಎಂಕೋಸಿ. ಒಂದರ ಅರ್ಥವೂ ಪೂರ್ತಿ ಗೊತ್ತಿಲ್ಲ. ಯಾವುದನ್ನು ಯಾಕೆ ಹಾಡುತ್ತಿದ್ದೇನೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದೆ. ಆಮೇಲೆ ಒಬ್ಬರು ಹಿರಿಯರು ಎದ್ದು, "ಅಲ್ಲಾ ಸಾರ್, ತಮಿಳು ತೆಲುಗು ಅಂತಲೇ ಹೇಳಿದಿರಿ. ಕನ್ನಡದವರು ಯಾರೂ ಹೋಗಲಿಲ್ವಾ?" ಅಂತ ಕೇಳಿದರು.

ಹೋಗಿದ್ದಾರೆ. ಆ ಹಡಗುಗಳ ಪಟ್ಟಿಯಲ್ಲಿ ಹೆಸರು, ವಯಸ್ಸು, ಊರು, ಮೈಮೇಲಿನ ಮಚ್ಚೆವರೆಗೂ ಬರೆದಿದ್ದಾರೆ. ಜಿಲ್ಲೆಯ ಕಾಲಮ್ಮಿನಲ್ಲಿ ಆರ್ಕಾಟು, ವಿಶಾಖಪಟ್ಟಣದ ಜೊತೆ ಮೈಸೂರು ಅನ್ನೋದೂ ಸಿಗುತ್ತೆ. ಆದರೆ ಅಲ್ಲಿಳಿದ ಮೇಲೆ ಅವರು ತಮಿಳರ ಜೊತೆಗೋ ತೆಲುಗರ ಜೊತೆಗೋ ಸೇರಿ ಹೋದರು. ಮುಂದೆ ದಕ್ಷಿಣ ಆಫ್ರಿಕಾದ 1996ರ ಸಂವಿಧಾನ ಗೌರವ ಕೊಡಬೇಕಾದ ಭಾಷೆಗಳ ಪಟ್ಟಿ ಮಾಡಿದಾಗ ಅದರಲ್ಲಿ ಗುಜರಾತಿ, ಹಿಂದಿ, ತಮಿಳು, ತೆಲುಗು, ಉರ್ದು ಇವೆ. ಕನ್ನಡ ಇಲ್ಲ. ರೇಡಿಯೋ ಲೋಟಸ್ಸಿನ ಐದು ಭಾಷೆಯಲ್ಲೂ ಇರಲಿಲ್ಲ. ಯಾವುದೋ ಮನೆಯಲ್ಲಿ ತಮಿಳು ಅಂದುಕೊಂಡು ಹಾಡುತ್ತಿರುವ ಒಂದು ಲಾಲಿ ಹಾಡಿನ ಸಾಲು ಕನ್ನಡದ್ದು ಇರಬಹುದೇ ಅಂತ ನನಗೆ ಆಗಾಗ ಅನ್ನಿಸುತ್ತೆ. ಇದು ಬರೀ ನನ್ನ ಆಸೆ, ಇತಿಹಾಸವಲ್ಲ.

ಇನ್ನೊಬ್ಬರು ಕೇಳಿದ್ದು: "ಆ ಅಜ್ಜಿ ಕತೆ ಏನಾಯಿತು?"

ಅವತ್ತೇ ಅಜ್ಜಿ ಆಕೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಪದದ ಉಚ್ಚಾರ ತಿದ್ದಿದರು. ನಾಲಿಗೆ ಹಿಂದಕ್ಕೆ ಮಡಿಸಿ ಹೇಳಬೇಕಾದ ಆ ತಮಿಳಿನ ಳಕಾರ ಡರ್ಬನ್ನಿನಲ್ಲಿ ಮೆತ್ತಗಾಗಿತ್ತು. ಆಕೆ ವಿನಯದಿಂದ ಹತ್ತು ಸಲ ಹೇಳಿಸಿಕೊಂಡರು, ಸರಿಯಾಗಿಯೇ ಹೇಳಿದರು. ಊರಿಗೆ ಹೊರಡುವ ಮುಂಚೆ ಇನ್ನೊಮ್ಮೆ ಬಂದಿದ್ದರು. ಅಜ್ಜಿ ಹಾಡಿಸಿದರು. ಆ ಪದ ಬಂದಾಗ ನಾನು ಕಿವಿಗೊಟ್ಟು ಕೇಳಿದೆ. ಮತ್ತೆ ಮೊದಲಿನ ಹಾಗೆಯೇ, ಮೆತ್ತಗೆ. ಅಜ್ಜಿ ಹುಬ್ಬೇರಿಸಿದರು. ಆಕೆ ನೋಟ್‌ಬುಕ್ ಮುಚ್ಚುತ್ತಾ, "ಗೊತ್ತು ಆಂಟಿ. ಆದರೆ ನಮ್ಮ ಆಯಾ ಹೀಗೇ ಹಾಡುತ್ತಿದ್ದರು" ಅಂದರು.